ನಾನು ಊರಿಗೆ ತಂದ ರಕ್ತಪಿಶಾಚಿ

ದೆವ್ವಗಳು ಎಲ್ಲಿಂದ ಬರುತ್ತವೆ ಎಂಬ ವಿಷಯದಲ್ಲಿ ತಿಳಿದವರಲ್ಲೂ ಒಮ್ಮತವಿಲ್ಲ. ಹುಣಸೆಮರದಿಂದ ಎನ್ನುವವರಿದ್ದಾರೆ, ಮನಸ್ಸಿನಿಂದ ಎನ್ನುವವರಿದ್ದಾರೆ. ಹಾಲಿಗೆ ನೀರು ಬೆರೆಸಿದವರೇ ಸತ್ತ ಮೇಲೆ ದೆವ್ವವಾಗುತ್ತಾರೆ ಎಂದು ನಮ್ಮ ಸೋದರತ್ತೆ ಹೇಳುತ್ತಿದ್ದಳು. ಈ ಚರ್ಚೆಗೆ ನಾನು ಹೋಗುವುದಿಲ್ಲ. ಆದರೆ ಒಂದೇ ಒಂದು ದೆವ್ವದ ಮಟ್ಟಿಗೆ ಅದರ ಹುಟ್ಟೂರು, ಹುಟ್ಟಿದ ವಾರ, ಹುಟ್ಟಿದ ಹೊತ್ತು ಎಲ್ಲವೂ ನನಗೆ ಖಚಿತವಾಗಿ ಗೊತ್ತು. ಅದು ಹುಟ್ಟಿದ್ದು ದೇವನಹಳ್ಳಿ ಕಡೆಯ ವಿಜಯಪುರಕ್ಕೆ ಮೂರು ಮೈಲಿ ದೂರದ ಒಂದು ಹಳ್ಳಿಯಲ್ಲಿ, ಒಂದು ಭಾನುವಾರ ಮಧ್ಯಾಹ್ನ, ಮುದ್ದೆ ಉಂಡು ಕೈ ತೊಳೆದ ಮೇಲೆ, ನನ್ನ ಬಾಯಿಂದ. ಇದನ್ನು ಆಗಲೇ ಒಪ್ಪಿಕೊಂಡಿದ್ದೆ. ಯಾರೂ ನಂಬಲಿಲ್ಲ. ನೀವಾದರೂ ನಂಬುತ್ತೀರೇನೋ ಎಂದು ಈಗ ಬರೆಯುತ್ತಿದ್ದೇನೆ.

ಅರವತ್ತರ ದಶಕ ಮುಗಿಯುತ್ತಿದ್ದ ಕಾಲ. ನನಗೆ ಇಪ್ಪತ್ತೆರಡು ವರ್ಷ. ಆ ಹಳ್ಳಿಯ ಪ್ರಾಥಮಿಕ ಶಾಲೆಗೆ ಮೇಷ್ಟ್ರಾಗಿ ಹೋಗಿದ್ದೆ. ಅದು ನನ್ನ ಮೊದಲ ಕೆಲಸ. ಮುನಿಯಮ್ಮ ಎಂಬ ವಿಧವೆಯ ಮನೆಯ ಮುಂದಿನ ಕೋಣೆಯಲ್ಲಿ ನನ್ನ ವಾಸ, ಊಟವೂ ಅವರದೇ. ಮುನಿಯಮ್ಮನಿಗೆ ಎರಡು ಎಕರೆ ಹಿಪ್ಪುನೇರಳೆ ತೋಟವಿತ್ತು, ಮನೆ ತುಂಬ ರೇಷ್ಮೆಹುಳುಗಳಿದ್ದವು. ಮಗ ವಿಜಯಪುರದಲ್ಲಿ ನೂಲು ತೆಗೆಯುವ ಕಡೆ ಕೆಲಸಕ್ಕಿದ್ದ, ಬೆಳಿಗ್ಗೆ ಹೋದರೆ ಕತ್ತಲಿಗೆ ಬರುತ್ತಿದ್ದ. ಸೊಸೆ ಜಯಮ್ಮ, ಹತ್ತೊಂಬತ್ತರ ಹುಡುಗಿ, ನಗುವುದಕ್ಕೆ ಕಾರಣವೇ ಬೇಕಿರಲಿಲ್ಲ. ರಾತ್ರಿಯೆಲ್ಲ ಹುಳುಗಳು ಸೊಪ್ಪು ಮೇಯುವ ಸದ್ದು ಗೋಡೆಯ ಆಚೆಯಿಂದ ಸಣ್ಣ ಮಳೆ ಹಿಡಿದಂತೆ ಕೇಳುತ್ತಿತ್ತು. ಆಮೇಲೆ ನಾನು ಎಷ್ಟೋ ಊರುಗಳಲ್ಲಿ ಮಲಗಿದ್ದೇನೆ, ಅಷ್ಟು ಚೆನ್ನಾಗಿ ನಿದ್ದೆ ಎಲ್ಲೂ ಬಂದಿಲ್ಲ.

ಹುಳುಗಳು ಗೂಡು ಕಟ್ಟಿದ ಮೇಲೆ, ಬಿದಿರಿನ ಅಗಲವಾದ ಚಂದ್ರಂಕಿ ತಟ್ಟಿಗಳಿಂದ ಆ ಗೂಡುಗಳನ್ನು ಒಂದೊಂದಾಗಿ ಬಿಡಿಸಬೇಕು. ಬೀದಿಯ ಹೆಂಗಸರೆಲ್ಲ ಮುನಿಯಮ್ಮನ ಜಗಲಿಯಲ್ಲಿ ಸೇರುತ್ತಿದ್ದರು. ಕೈಗೆ ಕೆಲಸ, ಕಿವಿಗೆ ಬಿಡುವು. ನಾನು ಬೆಂಗಳೂರಿನ ಹಳೇ ಪುಸ್ತಕದ ರಾಶಿಯಿಂದ ತಂದಿದ್ದ ಒಂದು ಇಂಗ್ಲಿಷ್ ಪುಸ್ತಕವನ್ನು ಅಲ್ಲೇ ಕಂಬಕ್ಕೊರಗಿ ಓದುತ್ತಿದ್ದೆ. ರಕ್ಷಾಪುಟ ಇರಲಿಲ್ಲ, ಬರೆದವರ ಹೆಸರೂ ಹೋಗಿತ್ತು. ಮುನಿಯಮ್ಮ ನನ್ನ ಮುಖವನ್ನೇ ನೋಡುತ್ತಿದ್ದವರು, "ಏನ್ ಮೇಷ್ಟ್ರೇ, ಒಬ್ರೇ ಓದ್ಕೊಂಡು ಒಬ್ರೇ ಹೆದರ್ಕೋತಿದೀರಲ್ಲ. ನಮಗೂ ಒಸಿ ಹೇಳಿ, ಎಲ್ರೂ ಹೆದರ್ಕೊಳ್ಳಾನ" ಎಂದರು.

ಹೇಳಿದೆ. ಬಿಳಿಚಿದ ಮುಖದ ಒಬ್ಬ ದೊಡ್ಡ ಮನುಷ್ಯ, ಸತ್ತೂ ಸಾಯದವನು, ಹಗಲೆಲ್ಲ ಶವಪೆಟ್ಟಿಗೆಯಲ್ಲಿ ಮಲಗಿ ಕತ್ತಲಾದ ಮೇಲೆ ಎದ್ದು ಜನರ ರಕ್ತ ಹೀರುತ್ತಾನೆ. ಮೊದಲ ತೊಡಕು ಪೆಟ್ಟಿಗೆಯದೇ ಬಂತು. "ಪೆಟ್ಟಿಗೆ ಅಂದ್ರೆ ಟ್ರಂಕಾ?" ಎಂದು ಜಯಮ್ಮ ಕೇಳಿದಳು. ನಮ್ಮ ಕಡೆ ಸುಟ್ಟರೆ ಬೂದಿ, ಹೂಳಿದರೆ ಮಣ್ಣು, ಸತ್ತವನಿಗೆ ಪೆಟ್ಟಿಗೆಯ ಅನುಕೂಲ ಎಲ್ಲಿಂದ ಬರಬೇಕು? ದೊಡ್ಡ ಟ್ರಂಕು ಎಂದು ಒಪ್ಪಿಕೊಂಡೆ. ಅವನು ಯಾರು ಎಂದರು. ಪಾಳೇಗಾರ ಅಂತ ಇಟ್ಟುಕೊಳ್ಳಿ ಎಂದೆ. ಪಕ್ಕದ ಮನೆಯ ಕೆಂಪಜ್ಜಿ ಗೂಡು ಬಿಡಿಸುವುದನ್ನೇ ನಿಲ್ಲಿಸಿ, "ನಮ್ ಆವತಿ ಕಡೆ ಪಾಳೇಗಾರ್ರು ಅಂಥೋರಲ್ಲ. ಅವರ ಸುದ್ದಿಗೆ ಬರಬ್ಯಾಡಿ" ಎಂದಳು. ಕೂಡಲೇ ಅವನನ್ನು ಘಟ್ಟದ ಕೆಳಗೆ ಸಾಗಿಸಿದೆ. ಅವನು ಬಾವಲಿಯಾಗುತ್ತಾನೆ ಎಂದದ್ದು ಯಾರಿಗೂ ರುಚಿಸಲಿಲ್ಲ. ಊರ ಮುಂದಿನ ಆಲದಮರದಲ್ಲಿ ಇನ್ನೂರು ಬಾವಲಿಗಳಿದ್ದವು, ಹಣ್ಣು ತಿಂದುಕೊಂಡು ತಮ್ಮ ಪಾಡಿಗಿದ್ದವು. ಅದೇ ಪುಸ್ತಕದಲ್ಲಿ ಹುಣ್ಣಿಮೆಯ ದಿನ ತೋಳವಾಗುವ ಮನುಷ್ಯನೂ ಒಬ್ಬನಿದ್ದ. ಅವನನ್ನು ಕೇಳಿ ಎಲ್ಲರೂ ನಕ್ಕರು. "ಬೆಳದಿಂಗಳಲ್ಲಿ ಹೋದ್ರೆ ಕುರಿ ಕಾಯೋರ ಕಣ್ಣಿಗೆ ಬೀಳಲ್ವಾ? ಪೆದ್ದನನ್ಮಗ. ನಮ್ಮ ತಾತನ ಕಾಲದಾಗೂ ಒಬ್ಬ ತೋಳ ಆಗ್ತಿದ್ದ, ಅವನು ಅಮಾಸೆಗೇ ಹೋಗ್ತಿದ್ದ" ಎಂದಳು ಕೆಂಪಜ್ಜಿ.

ಆದರೆ ಮೂರು ಸಂಗತಿಗಳು ಅವರ ಮನಸ್ಸಿಗೆ ನಾಟಿದವು. ರಕ್ತ ಹೀರುವವನಿಗೆ ಬೆಳ್ಳುಳ್ಳಿ ಕಂಡರಾಗದು. ಬಿಸಿಲು ಕಂಡರಾಗದು. ಎಲ್ಲಕ್ಕಿಂತ ಮುಖ್ಯವಾಗಿ, ಮನೆಯವರು 'ಬನ್ನಿ' ಎನ್ನದೆ ಅವನು ಹೊಸ್ತಿಲು ದಾಟಲಾರ. "ಅಷ್ಟು ಮರ್ಯಾದಸ್ತನಾ?" ಎಂದು ಮುನಿಯಮ್ಮ ಆಶ್ಚರ್ಯಪಟ್ಟರು. ಕೊನೆಗೆ ಅವನು ಹೇಗೆ ಸತ್ತ ಎಂದು ಎಲ್ಲರೂ ಕೇಳಿದಾಗ ನಾನು ಪುಸ್ತಕದ ಕೊನೆ ತಿರುಗಿಸಿದೆ. ಹಿಂದಿನ ಇಪ್ಪತ್ತು ಹಾಳೆ ಇರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಒಂದು ಸಾವು ಕಟ್ಟಿ ಮುಗಿಸುತ್ತಿದ್ದರು. ನಾನು ಮೇಷ್ಟ್ರು, ಸತ್ಯಸಂಧ. "ಗೊತ್ತಿಲ್ಲ" ಎಂದುಬಿಟ್ಟೆ. ಹಾಗಾಗಿ ಆ ಪಿಶಾಚಿ ಸಾಯದೆ ನಮ್ಮ ತಾಲ್ಲೂಕಿನಲ್ಲೇ ಉಳಿದುಕೊಂಡಿತು.

ಎರಡು ದಿನ ಬಿಟ್ಟು ಮಲೇರಿಯಾದ ರಂಗಸ್ವಾಮಿ ಬಂದ. ಹದಿನೈದು ದಿನಕ್ಕೊಮ್ಮೆ ಮನೆಮನೆಗೆ ಬಂದು ಯಾರಿಗಾದರೂ ಜ್ವರವೇ ಎಂದು ವಿಚಾರಿಸಿ, ಬೆರಳಿಗೆ ಸೂಜಿ ಚುಚ್ಚಿ, ಒಂದು ತೊಟ್ಟು ರಕ್ತವನ್ನು ಗಾಜಿನ ಚೂರಿಗೆ ಬಳಿದುಕೊಂಡು, ಕಹಿ ಮಾತ್ರೆ ಕೊಟ್ಟು ಹೋಗುವುದು ಅವನ ಉದ್ಯೋಗ. ಶಿವಗಂಗೆ ಕಡೆಯ ಬಡಕಲು ಮನುಷ್ಯ, ಬಣ್ಣದಲ್ಲಿ ಬಿಳಿಚಿಕೊಂಡಿದ್ದ. ಬಿಸಿಲಿಗೆ ತಲೆನೋವು ಬರುತ್ತದೆಂದು ಯಾವಾಗಲೂ ಕರೀ ಛತ್ರಿ ಹಿಡಿಯುತ್ತಿದ್ದ. ಎಲೆಅಡಿಕೆ ಹಾಕಿ ಹಾಕಿ ತುಟಿ ರಕ್ತಗೆಂಪಾಗಿತ್ತು. ಕೈಯಲ್ಲಿ ಒಂದು ಪುಟ್ಟ ತಗಡಿನ ಪೆಟ್ಟಿಗೆ. ಸ್ವಭಾವದಿಂದ ಬಹಳ ನಾಚಿಕೆಯವನಾದ್ದರಿಂದ ಹೊಸ್ತಿಲ ಆಚೆಯೇ ನಿಂತು, "ಒಳಕ್ಕೆ ಬರಬಹುದೇನಮ್ಮಾ?" ಎಂದು ಕೇಳುತ್ತಿದ್ದ.

ಆ ಮಂಗಳವಾರ ಬೀದಿಯಲ್ಲಿ ಒಬ್ಬರೂ 'ಬನ್ನಿ' ಎನ್ನಲಿಲ್ಲ. ಮುಂದಿನ ಸಲ ಬರುವ ಹೊತ್ತಿಗೆ ಪ್ರತಿ ಬಾಗಿಲ ಮೇಲೂ ಬೆಳ್ಳುಳ್ಳಿ ಗೊಂಚಲು ತೂಗುತ್ತಿತ್ತು. ಬೆಳ್ಳುಳ್ಳಿ ಒಂದೇ ಸಾಲದೆಂದು ನಿಂಬೆಹಣ್ಣು, ಮೆಣಸಿನಕಾಯಿಯೂ ಸೇರಿದ್ದವು. 'ಬನ್ನಿ' ಎಂಬ ಮಾತಿನ ಮೇಲೇ ಜನರಿಗೆ ಭಯ ಹುಟ್ಟಿ, ನೆಂಟರು ಬಂದರೂ ಬಾಯಿಬಿಟ್ಟು ಕರೆಯದೆ ಕೈಸನ್ನೆ ಮಾಡುತ್ತಿದ್ದರು. ಹೊಸಕೋಟೆಯಿಂದ ಬಂದ ಒಬ್ಬ ಬೀಗರು ಇದರಿಂದ ಮುನಿದು ಅದೇ ಬಸ್ಸಿಗೆ ವಾಪಸು ಹೋದರು. ಊರಿನಲ್ಲಿ ಇದೆಲ್ಲ ಏಕೆ ನಡೆಯುತ್ತಿದೆ ಎಂದು ತಿಳಿಯದವನು ರಂಗಸ್ವಾಮಿ ಒಬ್ಬನೇ. ನಾಲ್ಕನೆಯ ಸಲ ಬಂದಾಗ ಶಾಲೆಯ ಜಗಲಿಯಲ್ಲಿ ಕೂತು ನೀರು ಕುಡಿಯುತ್ತ, "ಈ ಸಲ ಬೆಳ್ಳುಳ್ಳಿ ಬೆಳೆ ಚೆನ್ನಾಗಿ ಬಂದೈತಾ ಮೇಷ್ಟ್ರೇ?" ಎಂದು ಕೇಳಿದ. ಆಮೇಲೆ ದನಿ ತಗ್ಗಿಸಿ, "ಆರು ವಾರ ಆಯ್ತು, ಈ ಊರಿಂದ ಒಂದು ತೊಟ್ಟು ರಕ್ತ ಸಿಕ್ಕಿಲ್ಲ. ನಾನು ಊರಿಗೇ ಬರದೆ ಸುಳ್ಳು ಬರೀತಿದೀನಿ ಅಂತಾರೆ ಮೇಲಿನೋರು. ನನ್ನ ಮೇಲೆ ಇವರಿಗ್ಯಾಕೆ ಕೋಪ?" ಎಂದ. ನಾನು ಬಹಳ ಹೊತ್ತು ಕಪ್ಪುಹಲಗೆ ಒರೆಸಿದೆ. ಅದರ ಮೇಲೆ ಏನೂ ಬರೆದಿರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ನಾನು ಬಹುಶಃ ಹೇಡಿಯಾಗಿಯೇ ಉಳಿಯುತ್ತಿದ್ದೆ. ಆದರೆ ಜಯಮ್ಮನಿಗೆ ಜ್ವರ ಬಂತು. ನಾಲ್ಕು ತಿಂಗಳ ಬಸುರಿ. ದಿನ ಬಿಟ್ಟು ದಿನ, ಮಧ್ಯಾಹ್ನದ ಹೊತ್ತಿಗೆ ಸರಿಯಾಗಿ ನಡುಕ ಹಿಡಿದು, ಮೂರು ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಎನ್ನುವುದು. ಮನೆಯಲ್ಲಿ ನಗುವಿನ ಸದ್ದು ನಿಂತಿತು. ರಂಗಸ್ವಾಮಿಯನ್ನು ಕರೆಯೋಣ ಎಂದೆ. ಮುನಿಯಮ್ಮ ನನ್ನನ್ನು ದಿಟ್ಟಿಸಿ ನೋಡಿದರು. "ಅವನು ಹೋದ್ ಸಲ ನಮ್ಮ ಕಿಟಕಿ ಹತ್ರ ನಿಂತು ಹೋದ್ಮೇಲೇ ಇವಳಿಗೆ ಹಿಂಗಾಗಿದ್ದು. ಹೊರಗಿಂದಲೇ ಹೀರ್ತಾವ್ನೆ" ಎಂದರು. ದೇವನಹಳ್ಳಿ ಆಸ್ಪತ್ರೆಗಾದರೂ ಹೋಗೋಣ ಎಂದರೆ, ಅಲ್ಲೂ ಸೂಜಿ ಚುಚ್ಚುವವರೇ ಇರುತ್ತಾರೆ ಎಂಬ ಉತ್ತರ ಬಂತು.

ಅಂದು ಸಂಜೆ ಬೀದಿಯ ಹೆಂಗಸರನ್ನೆಲ್ಲ ಜಗಲಿಯಲ್ಲಿ ಕೂಡಿಸಿ ತಪ್ಪೊಪ್ಪಿಕೊಂಡೆ. ಅದು ಕಟ್ಟುಕತೆ, ಯಾರೋ ದೂರದೇಶದವನು ಹೊಟ್ಟೆಪಾಡಿಗೆ ಬರೆದದ್ದು, ಅವನ ದೇಶದ ಜನವೂ ಗೋರಿ ಅಗೆದಾಗ ಹೆಣ ಊದಿಕೊಂಡದ್ದು ಕಂಡೋ, ಅರ್ಥವಾಗದ ರೋಗಕ್ಕೆ ಹೆದರಿಯೋ ಇಂಥವನನ್ನು ಹುಟ್ಟಿಸಿಕೊಂಡಿರಬೇಕು ಎಂದು ಶಾಲೆಯ ದನಿಯಲ್ಲಿ ವಿವರಿಸಿದೆ. ಎಲ್ಲರೂ ಮರುಕದಿಂದ ಕೇಳಿದರು. ಕೆಂಪಜ್ಜಿ ನನ್ನ ತೋಳು ಸವರಿ, "ನೀವು ಹೆದರ್ಕೊಂಡು ಹಿಂಗಂತೀರಾ ಅಂತ ನಮಗೆ ಗೊತ್ತು ಕಣಪ್ಪ. ನೀವು ನಿನ್ನೆ ಮೊನ್ನೆ ಬಂದೋರು. ಅವನನ್ನ ನಮ್ಮ ತಾತನೇ ಕೆರೆ ಏರಿ ಮೇಲೆ ಕಂಡಿದ್ದ. ತಲೆ ಮೇಲೆ ಟ್ರಂಕು ಹೊತ್ಕೊಂಡು ಹೋಗ್ತಿದ್ನಂತೆ" ಎಂದಳು. ಟ್ರಂಕು ನಾನು ಒಪ್ಪಿಕೊಂಡದ್ದು ಎರಡು ತಿಂಗಳ ಹಿಂದೆ. ಕೆಂಪಜ್ಜಿಯ ತಾತ ತೀರಿಕೊಂಡು ಅರವತ್ತು ವರ್ಷವಾಗಿತ್ತು.

ಉಳಿದದ್ದು ಒಂದೇ ದಾರಿ. ಮರುದಿನ ಬೆಳಿಗ್ಗೆ ಪಕ್ಕದ ಊರಿನಲ್ಲಿದ್ದ ರಂಗಸ್ವಾಮಿಯನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಬಂದು, ಮುನಿಯಮ್ಮನ ಮನೆ ಮುಂದೆ, ಎಲ್ಲರ ಎದುರು ನನ್ನ ಬೆರಳು ಚಾಚಿದೆ. ನನಗೆ ಸೂಜಿ ಕಂಡರಾಗದು ಎಂಬ ಸಂಗತಿಯನ್ನು ವೀರಾವೇಶದಲ್ಲಿ ಮರೆತಿದ್ದೆ. ಅವನು ಬೆರಳು ಒರೆಸಿದ್ದು ನೆನಪಿದೆ. ಆಮೇಲಿನದು ಬೇರೆಯವರು ಹೇಳಿದ್ದು. ರಕ್ತದ ತೊಟ್ಟು ಕಂಡ ಕ್ಷಣ ನಾನು ಕಡಿದ ಬಾಳೆಗಿಡದ ಹಾಗೆ ಬಿದ್ದೆನಂತೆ. ಹೆಂಗಸರು ಕಿರುಚಿ ಬಾಗಿಲು ಹಾಕಿಕೊಂಡರಂತೆ. ಮುನಿಯಮ್ಮ ಮಾತ್ರ ಹೊಸ್ತಿಲಲ್ಲೇ ನಿಂತು ನೋಡಿದರಂತೆ.

ಕಣ್ಣು ಬಿಟ್ಟಾಗ ನನ್ನ ತಲೆ ರಂಗಸ್ವಾಮಿಯ ತೊಡೆಯ ಮೇಲಿತ್ತು. ಅವನು ನನ್ನ ಮುಖಕ್ಕೆ ನೀರು ಚಿಮುಕಿಸಿ, ತನ್ನ ಟವೆಲ್ಲಿನಿಂದ ಒರೆಸುತ್ತ, ರಿಜಿಸ್ಟರಿನಿಂದ ಗಾಳಿ ಹಾಕುತ್ತಿದ್ದ. ಛತ್ರಿ ನನಗೆ ನೆರಳಾಗಿತ್ತು, ಅವನ ತಲೆ ಬಿಸಿಲಿನಲ್ಲಿತ್ತು. ಮುನಿಯಮ್ಮ ಬಿಸಿಲಿನಲ್ಲಿದ್ದ ಆ ತಲೆಯನ್ನೇ ನೋಡುತ್ತಿದ್ದರು. ಕೊನೆಗೆ, "ರಕ್ತ ಕುಡಿಯೋನು ಬಿದ್ದೋರಿಗೆ ನೀರು ಹಾಕ್ತಾನಾ?" ಎಂದು ತಮಗೆ ತಾವೇ ಎಂಬಂತೆ ಹೇಳಿ, ಸೆರಗು ಸರಿಪಡಿಸಿಕೊಂಡು, "ಬನ್ನಿ, ಒಳಕ್ಕೆ ಬನ್ನಿ. ಸೊಸೆಗೆ ಮೈ ಸುಡ್ತೈತೆ" ಎಂದರು.

ರಂಗಸ್ವಾಮಿ ಕೂಡಲೇ ಏಳಲಿಲ್ಲ. ತಲೆ ತಗ್ಗಿಸಿಕೊಂಡು, "ಯಾರಾದ್ರೂ ಹಿಂಗೆ ಕರೆದು ಬಾಳ ದಿನ ಆಯ್ತು ಕಣಮ್ಮ" ಎಂದ. ಬಾಯಲ್ಲಿದ್ದ ಎಲೆಅಡಿಕೆಯನ್ನು ದೂರ ಹೋಗಿ ಉಗುಳಿ, ಕೈ ತೊಳೆದು ಒಳಗೆ ಹೋದ. ಜಯಮ್ಮನಿಗೆ ಮಲೇರಿಯಾವೇ ಆಗಿತ್ತು. ಮಾತ್ರೆಗಳನ್ನು ನುಂಗಿಸಲು ಅವನೇ ಮೂರು ದಿನ ಬಂದ. ವಾರದೊಳಗೆ ಅವಳು ಅಡುಗೆಮನೆಯಲ್ಲಿ ಕೂತು, ನಾನು ಬಿದ್ದ ರೀತಿಯನ್ನು ಅಕ್ಕಪಕ್ಕದವರಿಗೆ ಅಭಿನಯಿಸಿ ತೋರಿಸಿ ನಗುತ್ತಿದ್ದಳು. ಸಮಯಕ್ಕೆ ಸರಿಯಾಗಿ ಹೆಣ್ಣುಮಗು ಹುಟ್ಟಿತು. ನಾಮಕರಣದ ದಿನ ರಂಗಸ್ವಾಮಿಗೆ ಒಳಮನೆಯಲ್ಲಿ ಎಲೆ ಹಾಕಿದರು. ನನಗೆ ಜಗಲಿಯಲ್ಲಿ.

ಆ ಊರು ಬಿಡುವ ಮೊದಲು ರಂಗಸ್ವಾಮಿಗೆ ನಿಜ ಹೇಳಿದೆ. ಅವನು ಸಿಟ್ಟಾಗಲಿಲ್ಲ. ಪೂರ್ತಿ ಕತೆ ಹೇಳಿಸಿಕೊಂಡು, "ಕೊನೆಗೆ ಏನಾದ ಅವನು?" ಎಂದು ಕೇಳಿದ. ಹಾಳೆಗಳಿಲ್ಲ ಎಂದೆ. "ಪುಸ್ತಕ ತಗೊಳ್ಳೋವಾಗ ಹಿಂದೆ ತಿರುಗಿಸಿ ನೋಡ್ಬೇಕಲ್ವಾ ಮೇಷ್ಟ್ರೇ" ಎಂದ. ಎರಡು ತಿಂಗಳು ಊರಿಗೆ ಊರೇ ಬಾಗಿಲು ಹಾಕಿಕೊಂಡದ್ದಕ್ಕೆ ಅವನು ಆಡಿದ ಒಂದೇ ಒಂದು ಕಟುವಾದ ಮಾತು ಅದು.

ತೊಂಬತ್ತರ ದಶಕದ ಕೊನೆಯಲ್ಲಿ, ನೆಲಮಂಗಲದ ಕಡೆ ಕೆಲಸದಲ್ಲಿದ್ದಾಗ, ಯಾವುದೋ ಕಾರ್ಯನಿಮಿತ್ತ ವಿಜಯಪುರದ ಬಸ್ಸು ಹತ್ತಿದ್ದೆ. ಪಕ್ಕದಲ್ಲಿ ಮಡಿಲ ಮೇಲೆ ಸೊಪ್ಪಿನ ಗಂಟು ಇಟ್ಟುಕೊಂಡ ಒಬ್ಬಾಕೆ ಕೂತಿದ್ದಳು. ಮುಂದಿನ ಸೀಟಿನ ಹೆಂಗಸಿಗೆ ಒಂದು ಕತೆ ಹೇಳುತ್ತಿದ್ದಳು. ಒಬ್ಬ ರಕ್ತ ಹೀರುವವನು ಊರಿಗೆ ಬಂದನಂತೆ. ಅವನನ್ನು ತಡೆಯಲು ಒಬ್ಬ ಮೇಷ್ಟ್ರು ಎದುರು ನಿಂತರಂತೆ. ಬೆರಳು ಮುಟ್ಟಿದ್ದೇ ತಡ, ಮೇಷ್ಟ್ರು ಅಲ್ಲೇ ಪ್ರಾಣ ಬಿಟ್ಟರಂತೆ. ಈಗಲೂ ಅಮಾವಾಸ್ಯೆಯ ಸಂಜೆ ಶಾಲೆಯೊಳಗಿಂದ ಮಗ್ಗಿ ಕೇಳಿಸುತ್ತದಂತೆ, ಹದಿಮೂರರ ಮಗ್ಗಿಯಲ್ಲಿ ತಪ್ಪುತ್ತದಂತೆ. ಹದಿಮೂರರ ಮಗ್ಗಿ ನನಗೆ ಇಂದಿಗೂ ಸರಿಯಾಗಿ ಬರುವುದಿಲ್ಲ.

ಸುಮ್ಮನಿರಲಾಗಲಿಲ್ಲ. "ಆ ಮೇಷ್ಟ್ರು ಸಾಯಲಿಲ್ಲ ಕಣಮ್ಮ. ಬದುಕಿದ್ದಾರೆ" ಎಂದೆ.

ಆಕೆ ನನ್ನ ನರೆತ ಕೂದಲು, ಬಡಕಲು ಕೈ, ಬಿಳಿಚಿದ ಮುಖವನ್ನು ಸಾವಧಾನವಾಗಿ ನೋಡಿದಳು. "ನಿಮಗೆ ಹೆಂಗೆ ಗೊತ್ತು? ನೀವು ಅಲ್ಲಿದ್ರಾ?" ಎಂದಳು.

ಆ ಮುಖ್ಯವಾದ ಗಳಿಗೆಯಲ್ಲಿ ನನಗೆ ಪ್ರಜ್ಞೆ ಇರಲಿಲ್ಲ. ಆಗ ನಡೆದದ್ದೆಲ್ಲ ಬೇರೆಯವರ ಬಾಯಿಂದ ಕೇಳಿದ್ದು. "ಇಲ್ಲಮ್ಮ, ನಾನೂ ಕೇಳಿದ್ದು ಅಷ್ಟೇ" ಎಂದು ಒಪ್ಪಿಕೊಂಡೆ. ಆಕೆ ಗಂಟನ್ನು ಮಡಿಲಲ್ಲಿ ಭದ್ರಮಾಡಿಕೊಂಡು, ಕಿಟಕಿಯ ಕಡೆಗೆ ಒಂದು ಗೇಣು ಸರಿದು ಕೂತಳು.