ಕರೆಂಟು ಹೊಡೆಯದ ಬಣ್ಣ

ಹಿಂದೆ ಯಾರೂ ಓದಿರದ ಮನೆಯಲ್ಲಿ ಒಬ್ಬರು ಪದವಿ ಪಡೆದರೆ, ಆ ಪದವಿ ಕೊಬ್ಬರಿ ಎಣ್ಣೆಯಂತಾಗುತ್ತದೆ. ತಲೆಗೂ ಅದೇ, ಒಡೆದ ಹಿಮ್ಮಡಿಗೂ ಅದೇ, ಕಿರುಗುಟ್ಟುವ ಬಾಗಿಲಿಗೂ ಅದೇ. ನನ್ನದು ಬಿ.ಎ., ಅದರಲ್ಲೂ ಇತಿಹಾಸ. ತವರಿನಲ್ಲಾಗಲಿ ಗಂಡನ ಮನೆಯಲ್ಲಾಗಲಿ ಕುರಿ ಎಣಿಸಲು ಬೇಕಾದಷ್ಟು ಲೆಕ್ಕ ಬಿಟ್ಟರೆ ಬೇರೆ ವಿದ್ಯೆ ಸುಳಿದಿರಲಿಲ್ಲ. ಹಾಸ್ಟೆಲಿನ ತಿಳಿಸಾರಿನಲ್ಲಿ ಬೇಳೆ ಹುಡುಕುತ್ತಾ ಸಂಪಾದಿಸಿದ ಪದವಿ ಇದು. ಹೆಮ್ಮೆ ಇದೆ, ಮುಚ್ಚಿಡುವುದಿಲ್ಲ. ಆದರೆ ನನಗಿಂತ ಹೆಚ್ಚು ಹೆಮ್ಮೆ ನಮ್ಮ ಅತ್ತೆಗೆ. ಯಾವ ನೆಂಟರು ಬಂದರೂ ನೀರು ಕೊಡುವ ಮೊದಲೇ, "ನಮ್ಮ ಸೊಸೆ ಡಿಗ್ರಿ ಓದೈತೆ" ಎಂದು ಕೊಟ್ಟುಬಿಡುತ್ತಾರೆ. ಯಾವ ಡಿಗ್ರಿ ಎಂದು ಯಾರೂ ಕೇಳುವುದಿಲ್ಲ. ಕರು ಮೊಲೆಗೆ ಬಾಯಿ ಹಾಕದಿದ್ದರೆ ನನ್ನನ್ನು ಕರೆಯುತ್ತಾರೆ. ಮಾತ್ರೆ ಊಟಕ್ಕೆ ಮೊದಲೋ ಆಮೇಲೋ ಎಂದೂ ನನ್ನನ್ನೇ ಕೇಳುತ್ತಾರೆ. ಒಮ್ಮೆ ಪ್ರಾಮಾಣಿಕವಾಗಿ "ಗೊತ್ತಿಲ್ಲ" ಎಂದು ನೋಡಿದೆ. ಎದುರುಮನೆಯ ಕೆಂಚಮ್ಮ ನಮ್ಮತ್ತೆಯ ಕಡೆ ತಿರುಗಿ, "ಅಯ್ಯೋ ಪಾಪ, ಅಷ್ಟು ವರ್ಷ ಓದಿದ್ದು ದಂಡ ಆತಲ್ಲಕ್ಕ" ಎಂದು ಸಂತಾಪ ಸೂಚಿಸಿದರು. ಆ ಪದವನ್ನು ನಾನು ಅಲ್ಲಿಗೇ ಕೈಬಿಟ್ಟೆ.

ಹೀಗಿರುವಾಗ ನಮ್ಮ ಹಿಟ್ಟಿನ ಗಿರಣಿಯಲ್ಲಿ ಕರೆಂಟು ಹೊಡೆಯತೊಡಗಿತು.

ಗಿರಣಿ ಇರುವುದು ಮನೆಗೆ ಅಂಟಿದ ತಗಡಿನ ಕೋಣೆಯಲ್ಲಿ. ಹೆಸರಿಗೆ ನನ್ನ ಗಂಡ ತಿಪ್ಪೇಶನದು, ಆಡಳಿತ ಪೂರ್ತಿ ಅತ್ತೆಯದು. ಸ್ವಿಚ್ಚುಗಳು ಮೊದಲು ಮರದ ಹಲಗೆಯ ಮೇಲಿದ್ದವು. ಹಲಗೆಯನ್ನು ಗೆದ್ದಲು ನಿಧಾನವಾಗಿ ಊಟ ಮಾಡಿ ಮುಗಿಸಿದಾಗ ತಿಪ್ಪೇಶ ಹಿರಿಯೂರಿನಲ್ಲಿ ಒಂದು ಕಬ್ಬಿಣದ ಪ್ಯಾನೆಲ್ ಮಾಡಿಸಿ ತಂದ. ರೊಟ್ಟಿ ಹಂಚಿಗಿಂತ ತುಸು ದೊಡ್ಡದು. "ಇದನ್ನ ಗೆದ್ದಲಲ್ಲ, ಗೆದ್ದಲಿನ ಅಪ್ಪ ಬಂದ್ರೂ ತಿನ್ನಾಕಾಗಲ್ಲ" ಎಂದು ತಾನೇ ತಂತಿ ಎಳೆದು ಕೂರಿಸಿದ. ಗೆದ್ದಲು ತಿನ್ನಲಿಲ್ಲ, ನಿಜ. ಆದರೆ ಮುಟ್ಟಿದವರ ಕೈ ಜುಂ ಎನ್ನತೊಡಗಿತು. ಕಾಲಿಗೆ ರಬ್ಬರ್ ಚಪ್ಪಲಿಯನ್ನಾದರೂ ಹಾಕಿಕೊಳ್ಳಿ ಎಂದರೆ ಅತ್ತೆ ಒಪ್ಪುವುದಿಲ್ಲ. ಹಿಟ್ಟು ಬೀಳುವ ಜಾಗದಲ್ಲಿ ಯಾರಾದರೂ ಚಪ್ಪಲಿ ಮೆಟ್ಟುತ್ತಾರೆಯೇ? ರಾಗಿ ಹಿಟ್ಟು ಮಾಡಿಸಲು ಬಂದ ಕೆಂಚಮ್ಮ ಒಂದು ದಿನ ಪ್ಯಾನೆಲಿಗೆ ಮೊಣಕೈ ತಾಗಿಸಿಕೊಂಡು, "ಏನಕ್ಕಾ, ನಿಮ್ಮ ಗಿರಣೀಲಿ ರಾಗಿ ಜೊತೆ ಜನಾನೂ ಹಿಟ್ಟು ಮಾಡ್ತೀರಾ?" ಎಂದವರು ಮುಂದಿನ ವಾರದಿಂದ ಊರ ಆ ತುದಿಯ ಗಿರಣಿಗೆ ಹೋಗತೊಡಗಿದರು.

"ಪೇಂಟ್ ಹೊಡದ್ರೆ ಕರೆಂಟ್ ಹೊಡೆಯಲ್ಲ ಕಣೇ. ಅಂಥ ಪೇಂಟ್ ಬರ್ತೈತಂತೆ. ಯಾವುದು ಅಂತ ನೋಡ್ಕಂಡು ಬಾ" ಎಂದ ತಿಪ್ಪೇಶ.

"ನಾನ್ಯಾಕ್ರೀ ನೋಡ್ಲಿ?"

"ನಾನೇನು ಡಿಗ್ರಿ ಓದಿದೀನಾ?"

ನಮ್ಮ ಮನೆಯಲ್ಲಿ ಈ ಪ್ರಶ್ನೆ ಬಂತೆಂದರೆ ಕೆಲಸ ನನ್ನ ಹೆಗಲಿಗೆ ಬಂತೆಂದೇ ಅರ್ಥ. ನಾನು ಸಮಾಜ ವಿಜ್ಞಾನ ಕಲಿಸುವ ಶಾಲೆ ಹಿರಿಯೂರಿನಲ್ಲಿದೆ. ಸಂಜೆ ಬಸ್ಸಿಗೆ ಹೋಗುವ ಮೊದಲು ಅಲ್ಲೇ ಒಂದು ಹಾರ್ಡ್‌ವೇರ್ ಅಂಗಡಿ ಹೊಕ್ಕೆ. "ಗೇಟಿಗಾ ಮೇಡಂ, ಗ್ರಿಲ್ಲಿಗಾ?" ಎಂದರು ಅಂಗಡಿಯವರು. ಕರೆಂಟು ದಾಟಿ ಬರಬಾರದು, ಅಂಥ ಬಣ್ಣ ಬೇಕು ಎಂದೆ. ಅವರು ಕಪಾಟಿನ ಡಬ್ಬಿಗಳ ಮೇಲೆ ಒಂದೊಂದಾಗಿ ಬೆರಳಿಟ್ಟರು. "ನೀರು ತಡೆಯೋದು ಐತೆ, ತುಕ್ಕು ತಡೆಯೋದು ಐತೆ, ಬಿಸಿಲು ತಡೆಯೋದೂ ಐತೆ. ಕರೆಂಟ್ ತಡೆಯೋದು ಇದುವರೆಗೂ ಯಾರೂ ಕೇಳಿಲ್ಲ ನೋಡ್ರಿ" ಎಂದವರೇ, ಬಂದ ಗಿರಾಕಿಯನ್ನು ಬರಿಗೈಲಿ ಕಳಿಸಲು ಮನಸ್ಸಾಗದೆ, "ಸಿಲ್ವರ್ ಹೊಡೀರಿ. ಲೈಟ್ ಕಂಬಕ್ಕೆಲ್ಲ ಅದೇ ಹೊಡೆಯೋದು, ಕಂಬ ಹಿಡ್ಕಂಡು ಎಷ್ಟು ಜನ ನಿಂತಿರ್ತಾರೆ" ಎಂದರು. ನಮ್ಮ ಸೀಮೆಯಲ್ಲಿ ಸಿಲ್ವರ್ ಪೇಂಟಿನಿಂದ ತಪ್ಪಿಸಿಕೊಂಡ ವಸ್ತು ಕಡಿಮೆ. ಆಯುಧಪೂಜೆ ಹತ್ತಿರ ಬಂದರೆ ಸಾಕು, ಗೇಟು, ಬೋರಿನ ಪೈಪು, ನೇಗಿಲು, ಬೈಕಿನ ಸೈಲೆನ್ಸರು ಎಲ್ಲ ಫಳಫಳ. ಸುಮ್ಮನೆ ಒಂದೇ ಕಡೆ ಕುಳಿತಿರುವ ಅಜ್ಜಂದಿರು ಆ ದಿನಗಳಲ್ಲಿ ಎದ್ದು ಓಡಾಡುವುದು ಕ್ಷೇಮ. ನಾನು ಡಬ್ಬಿ ತಿರುಗಿಸಿ ಓದಿದೆ. ಅಲ್ಯೂಮಿನಿಯಂ ಎಂದಿತ್ತು. ರಸ್ತೆಯುದ್ದಕ್ಕೂ ಕಂಬದಿಂದ ಕಂಬಕ್ಕೆ ಕರೆಂಟು ಹೊತ್ತುಕೊಂಡು ಹೋಗುವುದು ಅದೇ ಅಲ್ಯೂಮಿನಿಯಂ ತಂತಿ ಎಂಬುದು ಇತಿಹಾಸ ಓದಿದವರಿಗೂ ಗೊತ್ತು. ಅದರ ಪುಡಿಯನ್ನು ಬಳಿದು ಅತ್ತೆಯ ಕೈಗೆ ಒಪ್ಪಿಸಿದರೆ ಜನ ನನ್ನನ್ನು ಬೇರೆಯೇ ರೀತಿಯ ಸೊಸೆ ಎಂದುಕೊಂಡಾರು. ಡಬ್ಬಿ ಅಲ್ಲೇ ಇಟ್ಟು ಬಂದೆ.

ಮರುದಿನ ಸ್ಟಾಫ್ ರೂಮಿನಲ್ಲಿ ವಿಜ್ಞಾನದ ಶೈಲಜಾ ಮೇಡಂ ಹತ್ತಿರ ವಿಷಯ ತೆಗೆದೆ. ವಿಜ್ಞಾನದವರಿಗೆ ಪ್ರಶ್ನೆ ಕೇಳುವುದೆಂದರೆ ತುಂಬಿದ ಕೆರೆಯ ತೂಬು ಎತ್ತಿದ ಹಾಗೆ. ಮೋಟಾರು ರಿವೈಂಡಿಂಗ್ ಮಾಡುವವರು ಬಳಸುವ ಇನ್ಸುಲೇಟಿಂಗ್ ವಾರ್ನಿಷ್ ಒಂದಿದೆ, ಎರಡು ಡಬ್ಬಿ ಬೆರೆಸಿ ಹಚ್ಚುವ ಎಪಾಕ್ಸಿ ಇನ್ನೊಂದಿದೆ ಎಂದರು. ಬೆರೆಸುವ ಕೆಲಸದಲ್ಲಿ ತಿಪ್ಪೇಶನನ್ನು ನಾನು ನಂಬುವುದಿಲ್ಲ; ಅವನು ಬೆರೆಸಿದ ಮಜ್ಜಿಗೆಯಲ್ಲಿ ನೀರು ಬೇರೆ, ಮೊಸರು ಬೇರೆ ತೇಲುತ್ತಿರುತ್ತದೆ. ಹಾಗಾಗಿ ವಾರ್ನಿಷ್ ಎಂದು ತೀರ್ಮಾನಿಸಿದೆ. "ತುಕ್ಕು ಚೆನ್ನಾಗಿ ಉಜ್ಜಿಸಿ. ಒಂದು ಕೋಟ್ ಒಣಗಿದ ಮೇಲೆ ಇನ್ನೊಂದು. ಗುಳ್ಳೆ ಏಳಬಾರದು, ಅಂಚು ಬಿಡಬಾರದು. ಸೋರಿದ ಕರೆಂಟು ನೆಲಕ್ಕಿಳಿಯಬೇಕಲ್ಲ, ಅರ್ತಿಂಗ್ ಸರಿಯಾಗಿದೆ ತಾನೇ?" ಎಂದರು ಮೇಡಂ. ನಾನು ತಲೆಯಾಡಿಸಿದೆ. ಯಾವ ಕಡೆಗೆ ಆಡಿಸಿದೆ ಎಂಬುದು ನನಗೂ ಸ್ಪಷ್ಟವಿರಲಿಲ್ಲ, ಆದರೆ ಪದವೀಧರರ ತಲೆಯಾಡಿಸುವಿಕೆಗೆ ಒಂದು ತೂಕವಿರುತ್ತದೆ.

ಭಾನುವಾರ ಚಿತ್ರದುರ್ಗಕ್ಕೆ ಹೋಗಿ ರಿವೈಂಡಿಂಗ್ ಅಂಗಡಿಯೊಂದರಲ್ಲಿ ವಿಚಾರಿಸಿದೆವು. ವಾರ್ನಿಷ್ ಎರಡು ಬಗೆ ಇತ್ತು: ನೀರಿನಂತೆ ತಿಳಿಯಾದದ್ದು, ಇಟ್ಟಿಗೆಯಂತೆ ಕೆಂಪಾದದ್ದು. ಇಷ್ಟೆಲ್ಲ ವಿಚಾರಣೆ, ಅಧ್ಯಯನ, ತಜ್ಞರ ಸಲಹೆ ಮುಗಿಸಿ ನಾನು ಕೆಂಪನ್ನೇ ಆರಿಸಿದೆ. ತಿಳಿ ಬಣ್ಣ ಹಚ್ಚಿದರೆ ಹಚ್ಚಿದ್ದು ಊರಿನವರಿಗೆ ಕಾಣುವುದಿಲ್ಲವಲ್ಲ.

ಮೇನ್ ಸ್ವಿಚ್ ಆಫ್ ಮಾಡಿ, ಉಜ್ಜಿ, ಎರಡು ಕೋಟ್ ಹಚ್ಚಿ ಒಣಗಿಸಿದ ಮೇಲೆ ಪ್ಯಾನೆಲ್ ಹೊಸ ಸೀರೆ ಉಟ್ಟವಳಂತೆ ನಿಂತಿತು. ಜುಂ ಎನ್ನುವುದು ಮಾಯ. ಅತ್ತೆ ಬೀದಿಗೆ ಬಂದು, "ಬರ್ರಿ, ಮುಟ್ಟಿ ನೋಡ್ರಿ, ನಮ್ಮ ಸೊಸೆ ಕರೆಂಟಿನ ಬಾಯಿ ಮುಚ್ಸೈತೆ" ಎಂದು ಕೂಗಿದರು. ಕೆಂಚಮ್ಮನೂ ಬಂದು ಎರಡು ಬೆರಳಲ್ಲಿ ಮುಟ್ಟಿ, ಬೆರಳು ನೋಡಿಕೊಂಡು, ರಾಗಿ ಚೀಲ ಇಳಿಸಿದರು. ಆ ವಾರ ನಾನು ಬೀದಿಯಲ್ಲಿ ನಡೆದ ರೀತಿಯೇ ಬೇರೆ.

ಮುಂದಿನ ಸೋಮವಾರ ಬೆಳಿಗ್ಗೆ ನಾನು ಶಾಲೆಗೆ ಸೀರೆ ಉಡುತ್ತಿದ್ದಾಗ ಗಿರಣಿಯಿಂದ ಧೊಪ್ ಎಂಬ ಸದ್ದು ಬಂತು. ಓಡಿದೆ. ಅತ್ತೆ ಜೋಳದ ಚೀಲದ ಮೇಲೆ ಕುಸಿದಿದ್ದರು. ಬಲಗೈ ನಡುಗುತ್ತಿತ್ತು, ಬಾಯಲ್ಲಿ ಮಾತಿಲ್ಲ. ಮಾತಿಲ್ಲದ ಅತ್ತೆಯನ್ನು ನಾನು ಅದೇ ಮೊದಲು ನೋಡಿದ್ದು. ನನ್ನ ಪದವಿ, ನಡಿಗೆ, ಹೆಮ್ಮೆ ಎಲ್ಲ ಆ ಕ್ಷಣ ಎಲ್ಲಿ ಹೋದವೋ. ತಿಪ್ಪೇಶ ಮೇನ್ ತೆಗೆದ. ನೀರು ಕುಡಿಸಿ ಬೆನ್ನು ಸವರಿದ ಮೇಲೆ ಅತ್ತೆಯ ಬಾಯಿಂದ ಬಂದ ಮೊದಲ ಮಾತು, "ಜೋಳ ಚೆಲ್ಲಿತೇನಮ್ಮ?"

ಪ್ಯಾನೆಲ್ ನೋಡಿದೆ. ಕೆಂಪು ಬಣ್ಣದ ನಡುವೆ ಅಡ್ಡಡ್ಡ ಮೂರು ಗೆರೆ ಕಬ್ಬಿಣ ಹೊಳೆಯುವ ಹಾಗೆ ಕೆರೆದಿತ್ತು. ಅದರ ಮೇಲೆ ಒದ್ದೆ ವಿಭೂತಿ.

"ಯಾರತ್ತೆ ಇದನ್ನ ಕೆರೆದಿದ್ದು?"

"ನಾನೇ ಕಣಮ್ಮ. ನಿನ್ನ ಬಣ್ಣದ ಮ್ಯಾಲೆ ಇಬೂತಿ ನಿಲ್ಲಲ್ಲ, ಜಾರ್ತೈತೆ. ಹಾಲುರಾಮೇಶ್ವರದ ಗುಡಿಯಿಂದ ತಂದಿದ್ದು. ಅದನ್ನ ಇಡ್ದೆ ಮಿಷನ್ ಮುಟ್ಟಾಕಾಗ್ತೈತಾ? ಕುಡುಗೋಲಲ್ಲಿ ಒಂಚೂರು ಕೆರೆದೆ, ಅಷ್ಟೇಯ."

"ಆ ಬಣ್ಣಾನೇ ಅಲ್ವಾ ಅತ್ತೆ ಕರೆಂಟ್ ತಡೆಯೋದು!"

"ಮಿಕ್ಕಿದ್ದೆಲ್ಲ ಅಂಗೇ ಐತಲ್ಲಮ್ಮ. ದೇವರಿಗೆ ಅಷ್ಟು ಜಾಗ ಬಿಟ್ರೆ ಏನಾತು?"

ಮೇನ್ ಹಾಕಬೇಡಿ ಎಂದು ತಿಪ್ಪೇಶನಿಗೆ ಹೇಳಿ ಶಾಲೆಗೆ ಹೋದೆ. ಶೈಲಜಾ ಮೇಡಂ ಮುಂದೆ ನಿಂತು, "ಅರ್ತಿಂಗ್ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ" ಎಂದೆ. ಕೈಬಿಟ್ಟಿದ್ದ ಪದ ನಾಲಿಗೆಗೆ ಒಗ್ಗಲು ಸ್ವಲ್ಪ ಕಷ್ಟವಾಯಿತು. ಸಂಜೆ ಅವರೇ ನನ್ನ ಜೊತೆ ಬಸ್ಸು ಹತ್ತಿದರು. ಪ್ಯಾನೆಲಿನ ಹಿಂಬದಿ ಇಣುಕಿ ನೋಡಿದರೆ, ತಿಪ್ಪೇಶ ತಂತಿ ತೂರಿಸಿದ ತೂತಿನ ಅಂಚು ಚೂಪಾಗಿತ್ತು. ತಂತಿಯ ಸಿಪ್ಪೆ ಅಲ್ಲಿ ಸುಲಿದು ತಾಮ್ರ ಕಬ್ಬಿಣಕ್ಕೆ ತಾಗಿತ್ತು. "ಸೂರು ಸೋರುತ್ತಿದೆ, ನೀವು ಒಳಗೆ ರೇನ್‌ಕೋಟ್ ಹಾಕಿಕೊಂಡು ಕೂತಿದ್ದೀರಿ" ಎಂದರು ಮೇಡಂ. "ಇರಲಿ, ಅರ್ತಿಂಗ್ ಪೈಪ್ ಎಲ್ಲಿದೆ?"

ತಿಪ್ಪೇಶನ ಮುಖ ಅರಳಿತು. "ಬರ್ರಿ ಮೇಡಂ, ನಾನೇ ನಿಂತು ಹೂಣಿಸಿದ್ದು. ಉಪ್ಪು, ಇದ್ದಿಲು ಎಲ್ಲ ಹಾಕ್ಸೀನಿ" ಎಂದು ಹಿತ್ತಿಲಿಗೆ ಕರೆದೊಯ್ದ. ಪೈಪು ಇತ್ತು. ಪೈಪಿಗೆ ಅತ್ತೆಯ ಟಗರನ್ನು ಕಟ್ಟಿತ್ತು. ಅದು ಜಗ್ಗಿ ಜಗ್ಗಿ ಪೈಪು ಒಂದು ಕಡೆ ವಾಲಿತ್ತು, ಅರ್ತಿಂಗ್ ತಂತಿ ಯಾವ ಕಾಲದಲ್ಲೋ ಕಿತ್ತು ನೆಲದಲ್ಲಿ ಬಿದ್ದಿತ್ತು. ಟಗರು ನಮ್ಮನ್ನೆಲ್ಲ ಒಮ್ಮೆ ನೋಡಿ ಮೆಲುಕು ಮುಂದುವರಿಸಿತು.

"ಯವ್ವಾ, ಇದಕ್ಕೆ ಯಾಕೆ ಕಟ್ಟಿದ್ಯವ್ವ ಟಗರನ್ನ?" ಎಂದು ಅರಚಿದ ತಿಪ್ಪೇಶ.

"ಇಷ್ಟು ಗಟ್ಟಿ ಗೂಟ ಇನ್ನೆಲ್ಲೈತೆ ನಮ್ಮ ಹಿತ್ಲಲ್ಲಿ? ನೀನು ಹೂಣಿಸಿದಾಗ, ಪರವಾಗಿಲ್ಲ, ನನ್ನ ಮಗನಿಗೂ ಬುದ್ಧಿ ಬಂತು ಅಂದ್ಕಂಡಿದ್ದೆ" ಎಂದರು ಅತ್ತೆ.

ಎಲೆಕ್ಟ್ರಿಷಿಯನ್ ಬಂದು ತಂತಿ ಬದಲಿಸಿ, ತೂತಿಗೆ ರಬ್ಬರ್ ಬಳೆ ತೊಡಿಸಿ, ಅರ್ತಿಂಗ್ ಸರಿಪಡಿಸಿದ. ಟಗರು ಬೇವಿನ ಮರಕ್ಕೆ ವರ್ಗವಾಯಿತು. ಕೆರೆದ ಜಾಗಕ್ಕೆ ಮತ್ತೆ ವಾರ್ನಿಷ್ ಹಚ್ಚಿದೆವು. ವಿಭೂತಿಗೆ ಬಾಗಿಲ ಚೌಕಟ್ಟಿನ ಮರ ತೋರಿಸಿದೆ. ಅಲ್ಲಿ ಜಾರುವುದೂ ಇಲ್ಲ, ಜುಂ ಎನ್ನುವುದೂ ಇಲ್ಲ ಎಂದು ಅತ್ತೆ ಒಪ್ಪಿದರು.

ಆದರೆ ಊರಿನಲ್ಲಿ ಹರಡಿದ ಸುದ್ದಿ ಬಣ್ಣದ್ದು ಮಾತ್ರ. ಅತ್ತೆಯ ಪ್ರಕಾರ ಮೊದಲ ಸಲ ಹಚ್ಚಿದ್ದು ಸಾಲದೆ ಬಂದಿತ್ತು, ಎರಡನೇ ಸಲ ಸರಿಹೋಯಿತು, ಅಷ್ಟೇ. ನಾನು ತಿದ್ದಲು ಹೋಗಲಿಲ್ಲ. ಇತಿಹಾಸ ಓದಿದವಳು, ಗೆದ್ದದ್ದು ಯಾರು, ಶಾಸನದಲ್ಲಿ ಹೆಸರು ಬಂದದ್ದು ಯಾರದು ಎಂಬ ವ್ಯತ್ಯಾಸ ನನಗೆ ಹೊಸದಲ್ಲ. ಹಾಯಾಗಿಯೇ ಇದ್ದೆ, ಕೆಂಚಮ್ಮ ಒಂದು ಖಾಲಿ ಡಬ್ಬಿ ಹಿಡಿದು ಬರುವವರೆಗೆ.

"ಆ ಕೆಂಪು ಬಣ್ಣ ಒಂದಿಷ್ಟು ಹಾಕಮ್ಮ. ನಮ್ಮ ಬೋರಿನ ಸ್ಟಾರ್ಟರ್ ಡಬ್ಬಾನೂ ಜುಂ ಅಂತೈತೆ."

ಡಬ್ಬಿ ಇತ್ತು, ಬಣ್ಣವೂ ಉಳಿದಿತ್ತು. ಕೊಟ್ಟಿದ್ದರೆ ನನ್ನ ಕೀರ್ತಿ ಇನ್ನೊಂದು ಬೀದಿ ದಾಟುತ್ತಿತ್ತು. ಅತ್ತೆಯ ನಡುಗುವ ಕೈ ನೆನಪಾಯಿತು. ಹಾಳಾಗಿ ಹೋಗಲಿ ಎಂದುಕೊಂಡು ಬಾಯಿಬಿಟ್ಟೆ: "ಕೆಂಚಮ್ಮತ್ತೆ, ಬಣ್ಣ ಹಚ್ಚಿದ್ರೆ ಸಾಲಲ್ಲ. ನಮ್ಮದು ಸರಿಹೋಗಿದ್ದೂ ಬಣ್ಣದಿಂದ ಅಲ್ಲ. ಮೊದಲು ಮೇನ್ ತೆಗೆಸಿ, ಎಲೆಕ್ಟ್ರಿಷಿಯನ್ ಕರೆಸ್ರಿ. ಅಂದಂಗೆ, ನಿಮ್ಮ ಅರ್ತಿಂಗ್ ಪೈಪಿಗೆ ಏನು ಕಟ್ಟಿದೀರಿ?"

ಕೆಂಚಮ್ಮ ಕಣ್ಣರಳಿಸಿ ನನ್ನನ್ನೇ ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು: "ಎಮ್ಮೆ."

"ನೋಡಿದ್ಯಾ!" ಎಂದು ಒಳಗಿನಿಂದಲೇ ಅತ್ತೆ ಕೂಗಿದರು. "ನಿನ್ನ ಹಿತ್ಲಿಗೆ ಕಾಲಿಡ್ದೆ ಇಲ್ಲೇ ಕುಂತ್ಕಂಡು ಹೇಳ್ತು. ಡಿಗ್ರಿ ಅಂದ್ರೆ ಸುಮ್ನೆನಾ?"