ಸಿಟ್ಟಿಗೊಂದು ಅಂಗಡಿ

ಜನ ಲಾಭಕ್ಕೆ ಅಂಗಡಿ ಇಡುತ್ತಾರೆ. ನನ್ನ ಸೋದರಮಾವ ಸಿಟ್ಟಿಗೆ ಇಡುತ್ತಿದ್ದರು! ಕೋಪ ಅವರಿಗೆ ಮೂಗಿನ ತುದಿಯಲ್ಲೇ. ಹಲಸೂರಿನ ಸುತ್ತಮುತ್ತ ಯಾವ ಅಂಗಡಿಯವನು ಅವರನ್ನು ಕೆಣಕಿದರೂ ಹದಿನೈದು ದಿನದಲ್ಲಿ ಎದುರಿಗೇ ಮಾವನ ಬೋರ್ಡು ಏಳುತ್ತಿತ್ತು. ಆ ಬೋರ್ಡು ಹೊರಲು ವಿಮಾನಪುರದ ಕೆಲಸಕ್ಕೆ ರಜೆ ಹಾಕಬೇಕಾದವನು ನಾನು. ನನ್ನ ಆಯಸ್ಸಿನ ರಜೆಯೆಲ್ಲ ಹೀಗೇ ಕರಗಿತು.

ಒಮ್ಮೆ ಯಾವನೋ ಹೋಟೆಲಿನವನು ಆರಿದ ಕಾಫಿ ಕೊಟ್ಟ. ಮಾವ ಬಸ್ ಸ್ಟಾಪಿನ ಬಳಿ ತಾವೇ ಹೋಟೆಲು ತೆರೆದರು. ಅವರ ಕಾಫಿ ಎಷ್ಟು ಸುಡುತ್ತಿತ್ತೆಂದರೆ, ಗಿರಾಕಿ ಎರಡು ಗುಟುಕು ಕುಡಿಯುವಷ್ಟರಲ್ಲಿ ಬಸ್ಸು ಬಂದುಬಿಡುತ್ತಿತ್ತು. ಸ್ವಲ್ಪ ಆರಿಸಿ ಕೊಡೋಣ ಎಂದರೆ ಕೇಳುತ್ತಾರೆಯೇ? ಮೂರು ತಿಂಗಳಿಗೆ ಹೋಟೆಲು ಮುಚ್ಚಿತು.

ಆಮೇಲೆ ಇಂದಿರಾನಗರದ ಎಸ್‌ಟಿಡಿ ಬೂತಿನವನು, ಮಾತು ಬೇಗ ಮುಗಿಸಿ ಎಂದದ್ದೇ ತಪ್ಪಾಯಿತು. ಮಾವನ ಬೂತಿನಲ್ಲಿ ಕುರ್ಚಿ, ಫ್ಯಾನು! ಒಳಗೆ ಕೂತವರು ಏಳಲೇ ಇಲ್ಲ. ಹೊರಗೆ ನಿಂತು ಸಾಕಾದವರು ಹಳೆಯ ಬೂತಿಗೇ ಹೋದರು.

ಕೊನೆಯದು ಚಪ್ಪಲಿ ಅಂಗಡಿ. ಚಿಕ್ಕಂದಿನ ಜ್ವರದಿಂದ ನನ್ನ ಅಮ್ಮನ ಬಲಪಾದ ಸಣ್ಣದಾಗಿಯೇ ಉಳಿದಿತ್ತು. ಶಿವಾಜಿನಗರದ ಅಂಗಡಿಯವನೊಬ್ಬ, ಹಾಗಿದ್ದರೆ ಎರಡು ಜೊತೆ ಕೊಳ್ಳಿ ಎಂದು ಎಲ್ಲರೆದುರು ನಕ್ಕ. ಬಲ ಚಪ್ಪಲಿಗೆ ಬಟ್ಟೆ ತುರುಕಿಕೊಂಡು ಮನೆಗೆ ಬಂದ ಅಮ್ಮ ಆಮೇಲೆ ಹೊಸಿಲು ದಾಟುವುದನ್ನೇ ಬಿಟ್ಟಳು. ಅದನ್ನು ನೋಡಿ ನನಗೆ ಸಂಕಟವಾಯಿತು, ಮಾವನಿಗೆ ಅಂಗಡಿಯಾಯಿತು!

ಅಲ್ಲಿ ಎಡಗಾಲಿಗೊಂದು ಅಳತೆ, ಬಲಗಾಲಿಗೊಂದು ಅಳತೆ ಕೊಳ್ಳಬಹುದಿತ್ತು. ಆದರೆ ಅಮ್ಮನಿಗೆ ಒಂದು ಜೊತೆ ಕೊಟ್ಟರೆ ಉಳಿಯುವುದು ಸಣ್ಣ ಎಡ, ದೊಡ್ಡ ಬಲ. ಅದಕ್ಕೆ ತಿರುವುಮುರುವು ಕಾಲಿನ ಗಿರಾಕಿಯೇ ಬೇಕಲ್ಲ! ಮಾವ ದಾರಿಹೋಕರ ಮುಖ ನೋಡುವುದು ಬಿಟ್ಟು ಕಾಲು ನೋಡತೊಡಗಿದರು. ಯಾರೂ ಸಿಗಲಿಲ್ಲ. ವರ್ಷ ತುಂಬುವುದರೊಳಗೆ ಬೋರ್ಡು ಇಳಿಸಲು ನನಗೆ ಕರೆ ಬಂತು. ಮತ್ತೆ ರಜೆ ಹಾಕಿದೆ.

ನನಗೂ ಸಾಕಾಗಿತ್ತು. "ಮಾವ, ಇಡೀ ವರ್ಷದಲ್ಲಿ ಎರಡು ಅಳತೆ ಕಾಲಿನೋರು ಎಷ್ಟು ಜನ ಬಂದ್ರು, ಹೇಳಿ?" ಎಂದೆ.

"ಒಬ್ರು ಬಂದ್ರಲ್ಲೋ," ಎಂದರು ಮಾವ, ಶಟರ್ ಎಳೆಯುತ್ತ.

ಅವತ್ತು ಅಮ್ಮನೂ ಬಂದಿದ್ದಳು. ಆ ಚಪ್ಪಲಿ ಸಿಕ್ಕಂದಿನಿಂದ ಅವಳು ಮನೆಯಲ್ಲಿ ನಿಂತರೆ ತಾನೆ! ಬೋರ್ಡು ಹೊತ್ತ ನಾವಿಬ್ಬರೂ ಹಿಂದೆ ಉಳಿದೆವು. ಅಮ್ಮ ಬಿರಬಿರನೆ ನಡೆದು ಬಸ್ ಸ್ಟಾಪು ಮುಟ್ಟಿ, ಹಿಂತಿರುಗಿ ನೋಡಿದಳು.

"ಬೇಗ ಬನ್ರೋ. ಎಷ್ಟೊತ್ತು ನಡೀತೀರ?"