ತೆರೆದಿದ್ದ ಗೇಟು ಮತ್ತು ಸುಲಭ ನಡಿಗೆಯ ಲೀಡರ್

ಕಷ್ಟದ ಕೆಲಸವನ್ನು ಶುರು ಮಾಡುವ ಮೊದಲೇ ಗೋಳಾಡಿ, ಕಷ್ಟ ಎಂದು ಒಪ್ಪಿಕೊಳ್ಳುವ ಜನರ ನಡುವೆ ಬೆಳೆದವನು ನಾನು. ಹಾಗಾಗಿ ಎಲ್ಲದಕ್ಕೂ ‘ಸುಲಭ’ ಎಂದು ಬೋರ್ಡು ಹಾಕುವ ಜನರ ನಡುವೆ ಬದುಕುವುದು ನನಗೆ ಅಷ್ಟು ಸುಲಭವಾಗಿಲ್ಲ. ನ್ಯೂಜಿಲೆಂಡಿನಲ್ಲಿ ಗುಡ್ಡಕ್ಕೊಂದು ಕಾಲುದಾರಿ, ಕಾಲುದಾರಿಗೊಂದು ಬೋರ್ಡು. ‘ಸುಲಭ ನಡಿಗೆ, ನಲವತ್ತೈದು ನಿಮಿಷ’ ಎಂದು ಬರೆದಿರುತ್ತದೆ. ಯಾರ ನಲವತ್ತೈದು ನಿಮಿಷ ಎಂಬುದನ್ನು ಮಾತ್ರ ಬರೆದಿರುವುದಿಲ್ಲ. ಎಂಬತ್ತು ದಾಟಿದ, ಕೊರೆಯುವ ಚಳಿಯಲ್ಲೂ ಚಡ್ಡಿ ಹಾಕಿಕೊಂಡು ಓಡಾಡುವ ಇಲ್ಲಿನ ಯಾವನೋ ಮುದುಕನನ್ನು ಗುಡ್ಡದ ಬುಡದಲ್ಲಿ ಬಿಟ್ಟು, ಗಡಿಯಾರ ಹಿಡಿದು ಲೆಕ್ಕ ಹಾಕಿರಬೇಕು ಎಂದು ನನ್ನ ಅನುಮಾನ. ಅಂಥ ಮುದುಕರು ನಮ್ಮ ಪ್ರತಿ ನಡಿಗೆಯಲ್ಲೂ ನಮ್ಮನ್ನು ಎರಡು ಸಲ ದಾಟುತ್ತಾರೆ, ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ಎರಡು ಸಲವೂ ನಾವು ಅದೇ ಬೆಂಚಿನ ಮೇಲೆ ಕೂತಿರುತ್ತೇವೆ. ಅವರು ನಗುತ್ತಾ ‘ಲವ್ಲೀ ಡೇ’ ಎನ್ನುತ್ತಾರೆ. ನಾವು ಬಾಯಿ ತುಂಬ ಚಕ್ಕುಲಿ ಇಟ್ಟುಕೊಂಡು ತಲೆ ಆಡಿಸುತ್ತೇವೆ.

ನಾವು ಎಂದರೆ ಆಕ್ಲೆಂಡಿನ ನ್ಯೂ ಲಿನ್ ಸುತ್ತಮುತ್ತಲಿನ ಆರು ಕನ್ನಡ ಕುಟುಂಬಗಳು. ಒಂದೇ ತಿಂಗಳಲ್ಲಿ ನಮ್ಮ ಪೈಕಿ ಮೂವರು ಗಂಡಸರ ಸಕ್ಕರೆ ರಿಪೋರ್ಟು ಕೆಟ್ಟದಾಗಿ ಬಂದಾಗ ಹುಟ್ಟಿದ್ದು ಈ ನಡಿಗೆಯ ಬಳಗ. ಶನಿವಾರ ವಾಟ್ಸಾಪಿನಲ್ಲಿ ನಡಿಗೆಯ ಬಗ್ಗೆ ಒಂದು ಮೆಸೇಜು ಬಂದರೆ, ಪುಳಿಯೋಗರೆ ಯಾರ ಮನೆಯದು, ಕೋಸಂಬರಿ ಯಾರ ಮನೆಯದು ಎಂಬ ಬಗ್ಗೆ ಮೂವತ್ತು ಬರುತ್ತವೆ. ಈ ಬಳಗಕ್ಕೆ ನಾನು ಲೀಡರ್. ಯಾರೂ ಆರಿಸಿದ್ದಲ್ಲ. ಮೊದಲನೇ ಭಾನುವಾರ ಅಗಲ ಅಂಚಿನ ಹ್ಯಾಟು ಹಾಕಿಕೊಂಡು, ಎರಡು ಕೈಯಲ್ಲಿ ಎರಡು ಕೋಲು ಹಿಡಿದು, ಕೊರಳಿಗೆ ಸೀಟಿ ಕಟ್ಟಿಕೊಂಡು ಕಾರಿನಿಂದ ಇಳಿದೆ. ಅಷ್ಟು ಸಾಮಾನು ಹೊತ್ತವನನ್ನು ಬೇರೆ ಏನೆಂದು ಕರೆಯುವುದು ಎಂದು ಅವರಿಗೂ ತೋಚಲಿಲ್ಲ. ಅಲ್ಲದೆ ಆಫೀಸಿನಲ್ಲಿ ನನ್ನ ಕೆಲಸವೇ ಬೇರೆಯವರು ಬರೆದ ಸಾಫ್ಟ್‌ವೇರನ್ನು ಪರೀಕ್ಷೆ ಮಾಡಿ, ತಪ್ಪು ಎಲ್ಲಾಯಿತು, ಯಾರಿಂದಾಯಿತು ಎಂದು ಊರಿಗೆಲ್ಲಾ ಕಾಣುವ ಹಾಗೆ ಬರೆದು ಕಳಿಸುವುದು. ಇಪ್ಪತ್ತು ವರ್ಷದ ಈ ಸುಖವಾದ ಅಭ್ಯಾಸ ಭಾನುವಾರ ಒಂದೇ ದಿನ ಹೇಗೆ ಬಿಟ್ಟೀತು? ಕಸ ಎಸೆದವರು, ದಾರಿ ಬಿಟ್ಟು ಹುಲ್ಲಿಗೆ ಇಳಿದವರು, ಫೋಟೋಗೆಂದು ಬೇಲಿ ಹತ್ತಿದವರು ಎಲ್ಲರಿಗೂ ನನ್ನ ಸೀಟಿ ತಪ್ಪದೆ ಮುಟ್ಟುತ್ತಿತ್ತು. ‘ನೀವು ನಡೆಯೋದಕ್ಕೆ ಬರ್ತೀರೋ, ಡ್ಯೂಟಿಗೆ ಬರ್ತೀರೋ?’ ಎಂದು ನನ್ನ ಹೆಂಡತಿಯೇ ಒಮ್ಮೆ ಕೇಳಿದ್ದಳು. ಹೆಂಡತಿಯರ ಪ್ರಶ್ನೆಗೆಲ್ಲ ಉತ್ತರ ಕೊಡುತ್ತಾ ಕೂತರೆ ಲೀಡರ್ ಕೆಲಸ ನಡೆಯುವುದಿಲ್ಲ.

ಹೋದ ಬೇಸಿಗೆಯ ಕೊನೆಯಲ್ಲಿ ಒಂದು ಭಾನುವಾರ ಆಕ್ಲೆಂಡಿನಿಂದ ದಕ್ಷಿಣಕ್ಕೆ ಎರಡು ಗಂಟೆಯ ದೂರ ಹೋದೆವು. ಉರುಟು ಉರುಟಾದ ಹುಲ್ಲು ಗುಡ್ಡಗಳು, ಹುಲ್ಲಿನ ನಡುವೆ ಅಲ್ಲಲ್ಲಿ ಎದ್ದು ನಿಂತ ಬಿಳಿ ಸುಣ್ಣಕಲ್ಲು, ಗುಡ್ಡದ ಆಚೆ ಒಂದು ತಂಪಾದ ಕಾಡು. ದಾರಿ ಹಾದುಹೋಗುವುದು ಒಬ್ಬ ರೈತನ ಸ್ವಂತ ಜಮೀನಿನಲ್ಲಿ. ಸಾರ್ವಜನಿಕರು ನಡೆದಾಡಲಿ ಎಂದು ಅವನು ಮನಸ್ಸು ಮಾಡಿ ಬಿಟ್ಟುಕೊಟ್ಟಿದ್ದಾನೆ. ಮನಸ್ಸು ಬದಲಾದರೆ ದಾರಿ ಬಂದ್ ಎಂದು ಬೋರ್ಡಿನಲ್ಲಿ ಸ್ಪಷ್ಟವಾಗಿ ಬರೆದಿತ್ತು. ಅವತ್ತು ನಮ್ಮ ಜೊತೆ ಬಳಗದ ಹರೀಶನ ಅತ್ತೆ ಸರೋಜಾ ಆಂಟಿಯೂ ಬಂದಿದ್ದರು. ಎಪ್ಪತ್ತೆರಡು ವರ್ಷ, ತುಮಕೂರಿನವರು, ಮಗಳು ಸುಧಾಳ ಮನೆಗೆ ಆರು ತಿಂಗಳ ಮಟ್ಟಿಗೆ ಬಂದವರು. ಸೀರೆಯ ಮೇಲೆ ಅಳಿಯನ ಜಾಕೆಟ್ಟು, ಕಾಲಿಗೆ ಮಗಳ ಶೂ. ಹಿರಿಯರಿಗೆ ಇದು ಸರಿಹೋಗುವುದಿಲ್ಲ ಎಂದು ನಾನು ಹರೀಶನನ್ನು ಪಕ್ಕಕ್ಕೆ ಕರೆದು ಎಚ್ಚರಿಸಿದೆ. ಹರೀಶ ಬೋರ್ಡಿನ ಕಡೆ ಕೈ ತೋರಿಸಿ, ‘ಸುಲಭ ಅಂತ ಬರೆದಿದೆಯಲ್ಲ ಲೀಡರ್’ ಎಂದ.

ಹೊರಡುವ ಮೊದಲು ನಾನು ಎಲ್ಲರನ್ನೂ ಅರ್ಧ ಚಂದ್ರಾಕಾರದಲ್ಲಿ ನಿಲ್ಲಿಸಿ, ಬೋರ್ಡಿನ ನಿಯಮಗಳನ್ನು ಕನ್ನಡದಲ್ಲಿ ವಿವರಿಸಿದೆ. ಮುಖ್ಯವಾಗಿ ಗೇಟಿನದು. ಹೊಲದಿಂದ ಹೊಲಕ್ಕೆ ಗೇಟುಗಳಿರುತ್ತವೆ. ಮುಚ್ಚಿದ್ದರೆ ದಾಟಿದ ಮೇಲೆ ಮುಚ್ಚಬೇಕು, ತೆರೆದಿದ್ದರೆ ತೆರೆದೇ ಬಿಡಬೇಕು, ನಮ್ಮ ಬುದ್ಧಿವಂತಿಕೆ ತೋರಿಸಬಾರದು. ‘ನಮ್ಮವರ ಮಾನ ಮರ್ಯಾದೆ ಈಗ ನಿಮ್ಮ ಕೈಯಲ್ಲಿದೆ’ ಎಂದು ಮುಗಿಸಿದೆ. ಮಕ್ಕಳು ‘ಓಕೇ ಅಂಕಲ್’ ಎಂದು ಇಂಗ್ಲಿಷಿನಲ್ಲೇ ಆಕಳಿಸಿದವು.

ಲೀಡರ್ ಎಲ್ಲರಿಗಿಂತ ಹಿಂದೆ ಬರಬೇಕು, ಯಾರೂ ಉಳಿದುಹೋಗಬಾರದು ಎಂಬುದು ನನ್ನ ಸಿದ್ಧಾಂತ. ಏದುಸಿರು ಯಾರಿಗೂ ಕೇಳಿಸುವುದಿಲ್ಲ ಎಂಬ ಅನುಕೂಲವೂ ಉಂಟು. ಹಾಗೆ ಹಿಂದೆ ಬರುತ್ತಾ ಎರಡನೇ ಗೇಟಿನ ಹತ್ತಿರ ಬಂದಾಗ ನೋಡಿದರೆ ಅದು ಹಾರು ಹೊಡೆದು ತೆರೆದುಕೊಂಡಿತ್ತು. ಎಲ್ಲರೂ ಮುಂದೆ ಹೋಗಿದ್ದರು. ಆ ಗಳಿಗೆಯಲ್ಲಿ ನನಗೆ ಬೋರ್ಡು ನೆನಪಿಗೆ ಬರಲಿಲ್ಲ, ಅಮ್ಮ ನೆನಪಿಗೆ ಬಂದಳು. ಮೈಸೂರಿನ ನಮ್ಮ ಮನೆಯಲ್ಲಿ ಗೇಟು ತೆರೆದಿಟ್ಟರೆ ಬೀದಿಯ ಹಸು ಒಳಗೆ ಬಂದು ದಾಸವಾಳದ ಗಿಡವನ್ನು ಬುಡಕ್ಕೆ ಬೋಳಿಸುತ್ತಿತ್ತು. ‘ಯಾರೋ ಅದು ಗೇಟು ಹಾಕದೆ ಬಂದಿದ್ದು?’ ಎಂದು ಅಡುಗೆಮನೆಯಿಂದ ಅಮ್ಮ ಕೂಗುವ ಕೂಗಿಗೆ ಪಕ್ಕದ ಮನೆಯವರೂ ಹೋಗಿ ತಮ್ಮ ಗೇಟು ಹಾಕಿಬರುತ್ತಿದ್ದರು. ಹೀಗೆ ಬೆಳೆದವನು ತೆರೆದ ಗೇಟನ್ನು ದಾಟಿ ಸುಮ್ಮನೆ ಹೋಗಬಲ್ಲನೇ? ಮುಂದೆ ಹೋದ ನಮ್ಮವರ ಬೇಜವಾಬ್ದಾರಿಯನ್ನು ಬೈದುಕೊಳ್ಳುತ್ತಾ ಗೇಟು ಎಳೆದೆ, ಸರಪಳಿ ಸಿಕ್ಕಿಸಿದೆ, ಭದ್ರವಾಗಿದೆಯೇ ಎಂದು ಎರಡು ಸಲ ಜಗ್ಗಿ ನೋಡಿದೆ. ಸ್ವಲ್ಪ ಮುಂದೆ ಕಲ್ಲಿನ ಮೇಲೆ ಕೂತು ಸರೋಜಾ ಆಂಟಿ ಶೂ ಬಿಚ್ಚಿ ಒಳಗಿನ ಹರಳು ಕೊಡವುತ್ತಿದ್ದರು. ಎದ್ದು ನನಗಿಂತ ಸರಾಗವಾಗಿ ಗುಡ್ಡ ಹತ್ತಿದರು.

ನಲವತ್ತೈದು ನಿಮಿಷದ ನಡಿಗೆಯನ್ನು ನಾವು ನಾಲ್ಕು ಗಂಟೆಯಲ್ಲಿ ಮುಗಿಸಿದೆವು. ಅದರಲ್ಲಿ ಎರಡು ಗಂಟೆ ಕಾಡಿನ ನೆರಳಿನಲ್ಲಿ ಎಲೆ ಹಾಸಿದಂತೆ ಡಬ್ಬಿ ಹಾಸಿಕೊಂಡು ಕೂತಿದ್ದೆವು. ಒಬ್ಬರ ಮನೆಯದನ್ನು ಬಡಿಸಿಕೊಂಡು ಇನ್ನೊಬ್ಬರದನ್ನು ಬಿಟ್ಟರೆ ಬೇಜಾರು ಮಾಡಿಕೊಳ್ಳುತ್ತಾರೆ ಎಂದು ಎಲ್ಲ ಆರು ಮನೆಯದನ್ನೂ ತಿಂದೆ. ಸಕ್ಕರೆ ಇಳಿಸಲು ಬಂದವರು ಹೋಳಿಗೆಯನ್ನು ಹಂಚಿಕೊಂಡ ರೀತಿ ನೋಡಿದ್ದರೆ ನಮ್ಮ ಡಾಕ್ಟರು ವೃತ್ತಿಯನ್ನೇ ಬಿಡುತ್ತಿದ್ದರು.

ಇಳಿದು ಬರುವಾಗ ಅದೇ ಎರಡನೇ ಗೇಟಿನ ಬಳಿ ನೂರಾರು ಕುರಿಗಳು ಒತ್ತೊತ್ತಾಗಿ ನಿಂತು ಒಂದೇ ಸಮನೆ ಅರಚುತ್ತಿದ್ದವು. ‘ಹೆದರಬೇಡಿ, ಕುರಿಗಳಿಗೆ ಮನುಷ್ಯರನ್ನು ಕಂಡರೆ ಕುತೂಹಲ’ ಎಂದು ನಾನು ಎಲ್ಲರಿಗೂ ತಿಳಿಸಿಕೊಟ್ಟೆ. ಅಷ್ಟರಲ್ಲಿ ಗೇಟಿನ ಆಚೆಗೆ ಒಂದು ಯೂಟ್, ಅಂದರೆ ಇಲ್ಲಿನ ರೈತರ ಪಿಕಪ್ ಗಾಡಿ, ಬಂದು ನಿಂತಿತು, ರೈತ ಇಳಿದ. ಮೇಲಿನ ಹೊಲದ ನೀರಿನ ಪೈಪು ಒಡೆದಿದೆಯಂತೆ. ಕುರಿಗಳು ಕೆಳಗಿನ ತೊಟ್ಟಿಗೆ ಬಂದು ನೀರು ಕುಡಿಯಲಿ ಎಂದೇ ಬೆಳಿಗ್ಗೆ ಗೇಟು ತೆರೆದಿಟ್ಟು ಹೋಗಿದ್ದನಂತೆ. ಇಡೀ ಮಧ್ಯಾಹ್ನ, ಆ ಬಿಸಿಲಿನಲ್ಲಿ, ಅವು ನೀರಿಲ್ಲದೆ ನಿಂತಿದ್ದವು. ‘ಈ ಗೇಟು ನಿಮ್ಮಲ್ಲಿ ಯಾರಾದರೂ ಮುಚ್ಚಿದಿರಾ?’ ಎಂದು ಕೇಳಿದ. ಕೂಗಾಡಲಿಲ್ಲ. ಹೀಗೇ ಆಗುತ್ತಿದ್ದರೆ ದಾರಿ ಮುಚ್ಚಿಬಿಡಬೇಕಾಗುತ್ತದೆ ಎಂದು ಮಾತ್ರ, ತನಗೇ ಬೇಸರವಾದವನಂತೆ ಹೇಳಿದ.

ನಾನು ಕೊರಳಿನ ಸೀಟಿಯನ್ನು ಮೆಲ್ಲಗೆ ಅಂಗಿಯೊಳಗೆ ಸೇರಿಸಿದೆ. ‘ನಾನು’ ಎಂಬ ಎರಡಕ್ಷರ ಹೇಳಿದರೆ ಮುಗಿಯಿತು. ಆದರೆ ಆ ಎರಡಕ್ಷರದ ಜೊತೆಗೆ ಹ್ಯಾಟು, ಕೋಲು, ಸೀಟಿ, ಬೆಳಗಿನ ಭಾಷಣ ಎಲ್ಲವೂ ಹೋಗುತ್ತಿದ್ದವು. ನಾನು ಒಂದು ಉಸಿರಿನಷ್ಟು ತಡ ಮಾಡಿದೆ. ಆ ಸಂದಿನಲ್ಲಿ ಸುಧಾ ತಿರುಗಿ, ‘ಅಮ್ಮಾ, ನೀನೇನಾದ್ರೂ ಹಾಕಿದ್ಯಾ? ಲೀಡರ್ ಜೊತೆ ಕೊನೇಲಿ ಬಂದಿದ್ದು ನೀನೇ ಅಲ್ವಾ? ಮನೇಲೂ ಹಿಂಗೇ, ಒಂದು ಬಾಗಿಲೂ ತೆಗ್ದಿಡಕ್ಕೆ ಬಿಡಲ್ಲ’ ಎಂದಳು. ಎಲ್ಲರೂ ಆಂಟಿಯನ್ನು ನೋಡಿದರು. ಆಂಟಿ ನನ್ನನ್ನು ನೋಡಿದರು. ಆಮೇಲೆ ರೈತನ ಕಡೆ ತಿರುಗಿ ಎರಡೂ ಕೈ ಜೋಡಿಸಿದರು.

ಆಗ ನಾನು ಮಾತಾಡಿದೆ. ಆಗಲಾದರೂ ನಿಜ ಹೇಳಿದೆ ಎಂದುಕೊಂಡಿರಾ? ಲೀಡರ್ ಎಂಬ ನೆಲೆಯಲ್ಲಿ ಮುಂದೆ ಬಂದು, ಹಿರಿಯರು, ಇಲ್ಲಿಗೆ ಹೊಸಬರು, ನಿಯಮ ಗೊತ್ತಿಲ್ಲ, ಅವರ ಪರವಾಗಿ ನಾನು ಕ್ಷಮೆ ಕೇಳುತ್ತೇನೆ ಎಂದು ಒಳ್ಳೆಯ ಇಂಗ್ಲಿಷಿನಲ್ಲಿ ಹೇಳಿದೆ. ರೈತ ಕರಗಿಹೋದ. ‘ನೋ ವರೀಸ್’ ಎಂದು ಆಂಟಿಯ ಭುಜ ತಟ್ಟಿದ. ದಾರಿ ಉಳಿಯಿತು. ‘ಲೀಡರ್ ಎಷ್ಟು ಚೆನ್ನಾಗಿ ನಿಭಾಯಿಸಿದರು’ ಎಂದು ಬಳಗವೆಲ್ಲ ಹೊಗಳಿತು. ಹರೀಶನಂತೂ ನನ್ನ ಕೈ ಕುಲುಕಿ ಥ್ಯಾಂಕ್ಸ್ ಹೇಳಿದ.

ಕಾರಿನ ಬಳಿ ಎಲ್ಲರೂ ಖಾಲಿ ಡಬ್ಬಿ ಜೋಡಿಸುತ್ತಿದ್ದಾಗ ಆಂಟಿ ನನ್ನ ಹತ್ತಿರ ಬಂದರು. ತಗ್ಗಿದ ದನಿಯಲ್ಲಿ, ‘ನೀನು ಹಾಕಿದ್ದು ನಾನು ನೋಡ್ದೆ ಕಣಪ್ಪ’ ಎಂದರು. ಅವರು ನನ್ನ ತೋಳು ಸವರಿ ಹೇಳಿದರು, ‘ಇರ್ಲಿ ಬಿಡು. ನಾನು ಮುಂದಿನ ತಿಂಗ್ಳು ಊರಿಗೆ ಹೋಗೋಳು. ನೀನು ಇವ್ರ ಮಧ್ಯೇನೇ ಇರ್ಬೇಕಾದೋನು.’ ನಾಚಿಕೆಯಿಂದ ಸತ್ತೇಹೋದೆ ಎನ್ನಬೇಕು. ಸ್ವಲ್ಪ ಸತ್ತದ್ದೂ ನಿಜ. ಮನೆಗೆ ಬಂದು ವಾಟ್ಸಾಪ್ ತೆಗೆದು, ‘ಇವತ್ತು ಗೇಟು ಹಾಕಿದ್ದು ನಾನು’ ಎಂದು ಬರೆದೆ. ಓದಿದೆ. ಅಳಿಸಿದೆ. ಅದರ ಬದಲು, ‘ಹಿರಿಯರನ್ನು ಕರೆತರುವವರು ನಿಯಮಗಳನ್ನು ಮನೆಯಲ್ಲೇ ತಿಳಿಸಿ ಕರೆತರಬೇಕಾಗಿ ವಿನಂತಿ’ ಎಂದು ಹಾಕಿದೆ. ಹದಿನಾಲ್ಕು ಹೆಬ್ಬೆರಳು ಬಂದವು.

ಆಂಟಿ ಮಾತಿನಂತೆ ಊರಿಗೆ ಹೋದರು. ಆ ಗೇಟಿಗೆ ಈಗ ನಮ್ಮ ಬಳಗದಲ್ಲಿ ‘ಆಂಟಿ ಗೇಟು’ ಎಂದೇ ಹೆಸರು. ಹೊಸದಾಗಿ ಬಂದವರಿಗೆ ಅದರ ಕಥೆ ಹೇಳುವ ಜವಾಬ್ದಾರಿ ನನ್ನದು. ಎಲ್ಲರೂ ನಗುವಂತೆ ಚೆನ್ನಾಗಿಯೇ ಹೇಳುತ್ತೇನೆ. ಮೊನ್ನೆ ಭಾನುವಾರವೂ ಹೇಳಿ ಮುಗಿಸಿದ್ದೆ, ಆಗ ಹರೀಶ ಒಂದು ಸಿಹಿಸುದ್ದಿ ಇದೆ ಎಂದ. ಅತ್ತೆಗೆ ವೀಸಾ ಬಂದಿದೆಯಂತೆ. ಈ ಸಲ ಆರು ತಿಂಗಳದ್ದಲ್ಲ, ಇಲ್ಲೇ ಇರುವುದಕ್ಕೆ. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಒಬ್ಬನೇ ಎಷ್ಟು ಕಾಲ ಲೀಡರ್ ಆಗಿರುವುದು, ಕಿರಿಯರಿಗೂ ಅವಕಾಶ ಕೊಡಬೇಕು ಎಂಬ ಉದಾರ ಯೋಚನೆ ಅವತ್ತಿನಿಂದ ನನ್ನನ್ನು ಬಲವಾಗಿ ಕಾಡುತ್ತಿದೆ.